ಹೊಸ್ತಿಲಿನ ಎತ್ತರ

೨೦೨೪ರ ನವೆಂಬರ್ ೧೪, ಗುರುವಾರ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ, ಧನುರ್ಲಗ್ನ. ಜಯನಗರ ನಾಲ್ಕನೇ ಟಿ ಬ್ಲಾಕಿನಲ್ಲಿ ಹಳೇ ಮನೆ ಕೆಡವಿ ಹೊಸದಾಗಿ ಕಟ್ಟುತ್ತಿದ್ದ ಮನೆಗೆ ಮುಂಬಾಗಿಲು ನಿಲ್ಲಿಸಲು ಪುರೋಹಿತರು ಇಟ್ಟುಕೊಟ್ಟ ಮುಹೂರ್ತ ಅದು. ಸೀತಾಲಕ್ಷ್ಮಿಗೆ ಅವಳ ತಮ್ಮ ಶ್ರೀಕರ ಹೇಳಿದ್ದು ಹನ್ನೊಂದು ಗಂಟೆ ಎಂದು.

ಐವತ್ಮೂರು ವರ್ಷದ ಸೀತಾಲಕ್ಷ್ಮಿ ಎಲ್ಲಿಗೆ ಹೋಗುವುದಿದ್ದರೂ ಬಹಳ ಮುಂಚೆ ಹೊರಡುವವಳು. ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ ಬೇರೆ ದಾರಿಯಿಲ್ಲ. ಕಾರು ನಿಲ್ಲಿಸಲು ಜಾಗ ಸಿಗಬೇಕು, ಬಾಗಿಲು ಪೂರ್ತಿ ತೆರೆದು ಕುರ್ಚಿ ಇಳಿಸುವಷ್ಟು ಅಗಲವಿರಬೇಕು, ಅಲ್ಲಿ ಚರಂಡಿ ಕಲ್ಲು ಕುಸಿದಿರಬಾರದು. ಅಂದು ರಸ್ತೆಯ ಆಚೆ ಬದಿಯ ಹೊಂಗೆ ಮರದಡಿ ಕಾರು ನಿಲ್ಲಿಸಿದಾಗ ಆಗಷ್ಟೇ ಒಂಬತ್ತಾಗಿತ್ತು. ಮನೆಯ ಮುಂದೆ ಆಗಲೇ ಶಾಮಿಯಾನ, ಪುರೋಹಿತರು, ರೇಷ್ಮೆ ಸೀರೆ ಉಟ್ಟ ನಾದಿನಿ ಅನ್ನಪೂರ್ಣ. ಗೋಡೆಗೆ ಒರಗಿಸಿಟ್ಟಿದ್ದ ತೇಗದ ಚೌಕಟ್ಟಿಗೆ ಮಾವಿನ ತೋರಣ ಕಟ್ಟಿದ್ದರು.

ಚೌಕಟ್ಟಿಗೆ ನಾಲ್ಕು ಬದಿಯಿತ್ತು.

ಅವಳು ಒಪ್ಪಿ ಸಹಿ ಹಾಕಿದ ನಕ್ಷೆಯಲ್ಲಿದ್ದದ್ದು ಮೂರು ಬದಿ. ಎರಡು ಪಕ್ಕದ ಕಂಬ, ಮೇಲಿನ ಅಡ್ಡಪಟ್ಟಿ, ಕೆಳಗೆ ಸಪಾಟು ನೆಲ. ಈಗ ಕೆಳಗೂ ಒಂದು ದಪ್ಪ ಮರ ಕಾಣುತ್ತಿತ್ತು, ಐದು ಇಂಚಿಗೆ ಕಡಿಮೆಯಿಲ್ಲದ ಹೊಸ್ತಿಲು.

ಕಾರಿನಿಂದ ಇಳಿಯುವುದೆಂದರೆ ಅವಳಿಗೆ ಒಂದು ಕೆಲಸವೇ. ಪಕ್ಕದ ಸೀಟಿನಲ್ಲಿ ಮಡಚಿಟ್ಟ ಕುರ್ಚಿಯ ಚೌಕಟ್ಟನ್ನು ಎದೆಯ ಮೇಲಿಂದ ದಾಟಿಸಿ ಹೊರಗಿಡಬೇಕು, ಗಾಲಿಗಳನ್ನು ಸಿಕ್ಕಿಸಬೇಕು, ಕೈಯಿಂದ ಕಾಲುಗಳನ್ನು ಒಂದೊಂದಾಗಿ ಎತ್ತಿ ಕೆಳಗಿಡಬೇಕು, ಆಮೇಲೆ ತೋಳಿನ ಬಲದಿಂದ ಮೈಯನ್ನು ಕುರ್ಚಿಗೆ ದಾಟಿಸಬೇಕು. ಎಷ್ಟು ಅವಸರ ಮಾಡಿದರೂ ಅದು ತನ್ನ ಹೊತ್ತನ್ನು ತೆಗೆದುಕೊಳ್ಳುತ್ತದೆ. ಅವಳು ರಸ್ತೆ ದಾಟುವ ಹೊತ್ತಿಗೆ ನವರತ್ನ, ಪಂಚಲೋಹ, ಹಾಲು ಎಲ್ಲವೂ ಹೊಸ್ತಿಲ ಕೆಳಗಿನ ಗುಂಡಿಗೆ ಬಿದ್ದಾಗಿತ್ತು. ನಾಲ್ಕು ಜನ ಚೌಕಟ್ಟನ್ನು ಎತ್ತಿ ನಿಲ್ಲಿಸಿದ್ದರು. ಅನ್ನಪೂರ್ಣ ಬಗ್ಗಿ ಹೊಸ್ತಿಲಿಗೆ ಅರಿಶಿನ ಹಚ್ಚುತ್ತಿದ್ದಳು.

"ಬಂದ್ರಾ ಅತ್ತಿಗೆ," ಎಂದಳು, ತಲೆಯೆತ್ತದೆ. "ನಿಮಗೆ ಹನ್ನೊಂದಕ್ಕೆ ಅಂತ ಹೇಳಿರ್ಬೇಕಲ್ಲ ಇವ್ರು."

ಶ್ರೀಕರ ಅಕ್ಕನ ಕುರ್ಚಿಯ ಹಿಡಿ ಹಿಡಿದು ಮರಳಿನ ಗುಡ್ಡೆಯ ಕಡೆಗೆ ತಳ್ಳಿಕೊಂಡು ಹೋದ. ಹಿಡಿ ಮುಟ್ಟಬಾರದೆಂದು ಅವನಿಗೆ ಚಿಕ್ಕಂದಿನಿಂದ ಗೊತ್ತು.

"ಕೈ ತೆಗಿ. ಹೊಸ್ತಿಲು ಎಲ್ಲಿಂದ ಬಂತು?"

"ಮೆಲ್ಲಗೆ ಮಾತಾಡು ಅಕ್ಕ. ಫ್ಲೋರಿಂಗ್ ಬರಲಿ, ಅಷ್ಟೂ ಮುಚ್ಚಿಹೋಗುತ್ತೆ. ಟೈಲ್ಸು, ಅದರ ಕೆಳಗೆ ಕಾಂಕ್ರೀಟು, ಎಲ್ಲಾ ಸೇರಿ ಲೆವೆಲ್ ಆಗುತ್ತೆ. ನಿನಗೆ ಗೊತ್ತೇ ಆಗಲ್ಲ."

"ಅವಳಿಗೆ ಹೀಗೇ ಹೇಳಿದೀಯಾ?"

"ಅವಳಿಗೆ ಯಾಕೆ ಈ ಟೆಕ್ನಿಕಲ್ ವಿಷ್ಯ," ಎಂದು ಶ್ರೀಕರ ಪಂಚೆ ಸರಿಮಾಡಿಕೊಂಡ.

ಜೆ.ಪಿ. ನಗರದ ಒಂದು ಪ್ರಯೋಗಾಲಯದಲ್ಲಿ ಸೀತಾಲಕ್ಷ್ಮಿ ಇಪ್ಪತ್ತೆಂಟು ವರ್ಷದಿಂದ ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದಳು. ಕಾರ್ಖಾನೆಗಳವರು ತಂದುಕೊಡುವ ಮಾಪಕಗಳು ನಿಜ ಹೇಳುತ್ತವೋ ಸುಳ್ಳು ಹೇಳುತ್ತವೋ, ಹೇಳಿದರೆ ಎಷ್ಟು ಸುಳ್ಳು ಎಂದು ಬರೆದುಕೊಡುವುದು ಅವಳ ಕಸುಬು. ತಮ್ಮನನ್ನು ಪರೀಕ್ಷಿಸಲು ಉಪಕರಣ ಬೇಕಿರಲಿಲ್ಲ. ಅವನು ಹೆಂಡತಿಗೆ ಹೊಸ್ತಿಲು ನಾಲ್ಕು ಬೆರಳು ಎತ್ತರ ನಿಲ್ಲುತ್ತದೆಂದೂ ಅಕ್ಕನಿಗೆ ಅದು ನೆಲದಲ್ಲಿ ಮುಳುಗುತ್ತದೆಂದೂ ಹೇಳಿದ್ದ. ಫ್ಲೋರಿಂಗ್ ಬರುವವರೆಗೆ ಎರಡೂ ನಿಜವೇ.

ಅವಳು ಬೆಳೆದ, ಈಗ ಕೆಡವಿದ ಮನೆಯಲ್ಲಿ ಹೊಸ್ತಿಲಿರಲಿಲ್ಲ. ಮೊದಲಿತ್ತು. ೧೯೮೨ರ ಮೇ ತಿಂಗಳಲ್ಲಿ, ಆ ಮನೆ ಕಟ್ಟುತ್ತಿದ್ದಾಗ, ಹನ್ನೊಂದು ವರ್ಷದ ಸೀತಾಲಕ್ಷ್ಮಿ ಇನ್ನೂ ಮೋಟುಗೋಡೆ ಏಳದ ತಾರಸಿಯ ಮೇಲೆ ಗೋಣಿಚೀಲ ನೆನೆಸಲು ಹೋಗಿ ಹಿಮ್ಮುಖವಾಗಿ ಜಲ್ಲಿ ರಾಶಿಯ ಮೇಲೆ ಬಿದ್ದಳು. ಬೆನ್ನುಹುರಿಗೆ ಪೆಟ್ಟಾಯಿತು. ಹೊಕ್ಕುಳಿನಿಂದ ಕೆಳಗೆ ಅಂದಿನಿಂದ ಬಿಸಿಯಿಲ್ಲ, ತಣ್ಣಗಿಲ್ಲ, ನೋವಿಲ್ಲ. ಎಂಟು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದ ಮಗಳಿಗಾಗಿ ಅಪ್ಪ ಅನಂತರಾಮು ಬಡಗಿಯನ್ನು ಕರೆಸಿ ಹೊಸ್ತಿಲನ್ನು ಎರಡೂ ತುದಿಯಲ್ಲಿ ಕೊಯ್ಯಿಸಿ ತೆಗೆಸಿಬಿಟ್ಟರು. ಮನೆ ಬಾಯಿ ಬಿಟ್ಟುಕೊಂಡು ನಿಂತ ಹಾಗಿದೆ ಎಂದು ಅಜ್ಜಿ ಅತ್ತರಂತೆ. ಅಪ್ಪ ಬದುಕಿರುವವರೆಗೆ ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಹೋಗುವಾಗ ಮನೆಯ ಅರ್ಧ ಭಾಗವನ್ನು ಮಗಳ ಹೆಸರಿಗೆ ಬರೆದು ಹೋದರು.

ಅನ್ನಪೂರ್ಣ ಆ ಮನೆಗೆ ಸೊಸೆಯಾಗಿ ಬಂದದ್ದು ೧೯೯೮ರಲ್ಲಿ. ಸೇರಕ್ಕಿ ಒದ್ದು ಒಳಗೆ ಬರಲು ಹೊಸ್ತಿಲೇ ಇಲ್ಲ. ಕಂಬದ ಪಕ್ಕ ಬರೀ ಮೊಸಾಯಿಕ್ ನೆಲದ ಮೇಲೆ ಸೇರಿಟ್ಟು ಒದೆಸಿದರು. ಆಮೇಲೆ ಪ್ರತಿ ಶುಕ್ರವಾರ ಅವಳು ಬಾಗಿಲಿನ ಅಡಿ ಒಂದು ಗೇಣು ಅಗಲದ ಅರಿಶಿನದ ಪಟ್ಟೆ ಬಳಿದು, ಮೇಲೆ ಕುಂಕುಮವಿಟ್ಟು, ಎರಡು ಎಳೆ ರಂಗೋಲಿ ಎಳೆದು, ಅದನ್ನೇ ಹೊಸ್ತಿಲೆಂದು ಪೂಜೆ ಮಾಡುತ್ತಿದ್ದಳು. ಎಂಟೂಕಾಲಿಗೆ ಸೀತಾಲಕ್ಷ್ಮಿ ಕೆಲಸಕ್ಕೆ ಹೊರಡುತ್ತಿದ್ದಳು. ಗಾಲಿ ಆ ಪಟ್ಟೆಯ ಮೇಲೆ ಹಾದು ಮೆಟ್ಟಿಲ ಬದಲಿಗಿದ್ದ ಇಳಿಜಾರಿನ ಉದ್ದಕ್ಕೂ ಎರಡು ಹಳದಿ ಗೆರೆ ಎಳೆಯುತ್ತಿತ್ತು. ಒಂದಷ್ಟು ಹೊತ್ತು ಕಾದು ಒಣಗಿದ ಮೇಲೆ ಹೋಗಬಹುದಿತ್ತು. ಅವಳು ಕಾಯಲಿಲ್ಲ. ಎಂಟೂಕಾಲರ ನಂತರ ಬಳಿಯಬಹುದಿತ್ತು. ಇವಳು ಬಳಿಯಲಿಲ್ಲ. ಇಪ್ಪತ್ತಾರು ವರ್ಷ ಹೀಗೆ ನಡೆಯಿತು.

ಶ್ರೀಕರನ ಎದೆಯ ರಕ್ತನಾಳಕ್ಕೆ ಸ್ಟೆಂಟ್ ಹಾಕಿದಾಗ, ಮಗಳು ಸಮನ್ವಿತಾಳ ಮದುವೆಯ ಮಾತು ನಿಶ್ಚಿತಾರ್ಥದ ಹಿಂದಿನ ವಾರ ಮುರಿದುಬಿದ್ದಾಗ, ಅನ್ನಪೂರ್ಣ ಏನೂ ಹೇಳದೆ ಬಾಗಿಲ ಅಡಿಯನ್ನು ನೋಡುತ್ತಿದ್ದಳು. ಹೇಳಿದ್ದರೆ ವಾಸಿಯಿತ್ತು.

ಹೊಸ ಮನೆ ಮುಗಿಯುವವರೆಗೆ ಎಲ್ಲರೂ ಯಡಿಯೂರು ಕೆರೆಯ ಹಿಂದಿನ ಒಂದು ಬಾಡಿಗೆ ಮನೆಯಲ್ಲಿದ್ದರು. ಅಲ್ಲಿ ಒಂದು ಹೊಸ್ತಿಲು, ಹೊರಗೆ ಎರಡು ಮೆಟ್ಟಿಲು. ಓನರು ಇಳಿಜಾರು ಕಟ್ಟಿಸಲು ಒಪ್ಪಲಿಲ್ಲ. ಬಾಗಿಲ ಮೂಲೆಯಲ್ಲಿ ಹಲಗೆ ನಿಲ್ಲಿಸಿಟ್ಟಿರುತ್ತಿದ್ದರು. ಸೀತಾಲಕ್ಷ್ಮಿ ಹೊರಡುವಾಗಲೂ ಬರುವಾಗಲೂ ಯಾರನ್ನಾದರೂ ಕೂಗಬೇಕು. "ಶ್ರೀಕರಾ, ಹಲಗೆ." ಸ್ನಾನಕ್ಕೆ ಹೋಗಿದ್ದರೆ ಅವನು ಬರುವವರೆಗೆ ಕಾಯಬೇಕು. ಒಂದು ದಿನ ಸಂಜೆ ಯಾರೂ ಮನೆಯಲ್ಲಿಲ್ಲದೆ ಗೇಟಿನ ಒಳಗೆ ಕುರ್ಚಿಯಲ್ಲೇ ಒಂದೂವರೆ ಗಂಟೆ ಕೂತಿದ್ದಳು. ಮೂತ್ರದ ಚೀಲ ಬದಲಿಸುವ ಹೊತ್ತು ಮೀರಿತ್ತು. ಅನ್ನಪೂರ್ಣ ಬಂದವಳು, "ಫೋನ್ ಮಾಡ್ಬಾರ್ದಿತ್ತಾ, ಭಜನೆ ಅರ್ಧಕ್ಕೆ ಬಿಟ್ಟು ಬರ್ತಿದ್ದೆ," ಎಂದಳು. ಸೀತಾಲಕ್ಷ್ಮಿಯ ಫೋನಿನಲ್ಲಿ ಅವಳಿಗೆ ಹೋದ ಆರು ಕರೆಗಳು ಇದ್ದವು.

ಹರೆಯದಲ್ಲಿ ಇಂಥ ಹೊಸ್ತಿಲನ್ನು ಸೀತಾಲಕ್ಷ್ಮಿ ಲೆಕ್ಕಕ್ಕಿಡುತ್ತಿರಲಿಲ್ಲ. ಮುಂದಿನ ಸಣ್ಣ ಗಾಲಿಗಳನ್ನು ಗಾಳಿಗೆತ್ತಿ, ಹಿಂದಿನ ದೊಡ್ಡವನ್ನು ಒಂದೇ ನೂಕಿಗೆ ಹಾರಿಸುತ್ತಿದ್ದಳು. ನಲವತ್ತೆರಡು ವರ್ಷ ಕಾಲಿನ ಕೆಲಸವನ್ನೂ ಮಾಡಿದ ಭುಜಗಳು ಈಗ ಸವೆದಿದ್ದವು. ಬಲಭುಜದ ಸ್ನಾಯು ಅರ್ಧ ಹರಿದಿತ್ತು. ಇನ್ನೊಮ್ಮೆ ಜಗ್ಗಿದರೆ ಹಾಸಿಗೆಯಿಂದ ಕುರ್ಚಿಗೆ ಬರಲೂ ಇನ್ನೊಬ್ಬರು ಬೇಕಾಗುತ್ತದೆ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಹೊಸ ಮನೆಯ ಬಾಗಿಲು ಸಪಾಟಾಗಿದ್ದರೆ ಅವಳು ತನ್ನ ಪಾಡಿಗೆ ತಾನು ಹೋಗಿ ಬರುವವಳು. ಇಲ್ಲವಾದರೆ ಉಳಿದ ಆಯುಷ್ಯವೆಲ್ಲ ಹಲಗೆ ಎಂದು ಕೂಗುವವಳು.

ಫೆಬ್ರವರಿಯ ಮೊದಲ ಶನಿವಾರ ನೆಲದ ಕೆಲಸ ಶುರುವಾಗುವುದಿತ್ತು. ಹಿಂದಿನ ದಿನ ಟೈಲ್ಸ್ ಮೇಸ್ತ್ರಿ ಮುನಿಯಣ್ಣ ಫೋನು ಮಾಡಿ, "ಅಕ್ಕ, ಸಾರು ಒಂದು ಲೆವೆಲ್ ಹೇಳವ್ರೆ, ಮೇಡಂ ಒಂದು ಹೇಳವ್ರೆ. ನಾನು ಯಾವ್ದಕ್ಕೆ ದಾರ ಕಟ್ಲಿ?" ಎಂದು ಕೇಳಿದ. ಶನಿವಾರ ಸೀತಾಲಕ್ಷ್ಮಿ ಬೆಳಗ್ಗೆ ಎಂಟಕ್ಕೇ ಅಲ್ಲಿದ್ದಳು. ಶ್ರೀಕರನಿಗೆ ಅಂದೇ ತುಮಕೂರಿನಲ್ಲಿ ಏನೋ ಕೆಲಸ ಬಿದ್ದಿತ್ತು. ಅನ್ನಪೂರ್ಣ ಆಟೋದಲ್ಲಿ ಬಂದಿಳಿದಳು.

ಮುನಿಯಣ್ಣ ನೀರು ತುಂಬಿದ ಉದ್ದನೆಯ ಟ್ಯೂಬು ಹಿಡಿದು ಗೋಡೆಗಳ ಮೇಲೆ ಗುರುತು ಹಾಕುತ್ತಿದ್ದ. ಪೋರ್ಟಿಕೋದ ಒರಟು ಕಾಂಕ್ರೀಟಿನ ಮೇಲೆ ಹಲಗೆ ಹಾಕಿಸಿ ಸೀತಾಲಕ್ಷ್ಮಿ ಬಾಗಿಲವರೆಗೆ ಬಂದಿದ್ದಳು. ಅನ್ನಪೂರ್ಣ ಹೊಸ್ತಿಲ ಹತ್ತಿರ ಚಪ್ಪಲಿ ಕಳಚಿದಳು.

"ಮೇಡಂ, ಮೊಳೆ ಗಿಳೆ ಅವೆ, ಚಪ್ಪಲಿ ಹಾಕ್ಕಳಿ," ಎಂದ ಮುನಿಯಣ್ಣ.

"ಹೊಸ್ತಿಲಿಟ್ಟ ಮೇಲೆ ಇದು ಮನೆ ಮುನಿಯಣ್ಣ, ಸೈಟಲ್ಲ." ಅವಳು ದಾಟಿ ಒಳಗೆ ಹೋಗಿ, ಆ ಕಡೆಯಿಂದ ತಿರುಗಿ ನಿಂತಳು. ನಡುವೆ ಹೊಸ್ತಿಲು. "ನಾಲ್ಕು ಬೆರಳು ನಿಲ್ಬೇಕು. ಅದಕ್ಕೆ ಸರಿಯಾಗಿ ಟೈಲ್ಸ್ ಹಾಕಪ್ಪ."

"ಸೊನ್ನೆ ನಿಲ್ಬೇಕು," ಎಂದಳು ಸೀತಾಲಕ್ಷ್ಮಿ. "ಒಳಗೂ ಹೊರಗೂ ನೆಲ ಏರಿಸು. ಹೊಸ್ತಿಲಿನ ತಲೆಗೆ ಸಮ."

"ಆಗ ಅದು ಹೊಸ್ತಿಲಲ್ಲ ಅತ್ತಿಗೆ, ಹೂತಿಟ್ಟ ಮರ."

"ಹೂತಿಡು. ನಿನ್ನ ನವರತ್ನಾನೂ ಅಲ್ಲೇ ಇದೆಯಲ್ಲ."

"ಇವ್ರು ನಿಮಗೆ ಪಕ್ಕದಲ್ಲಿ ಬಾಗಿಲು ಮಾಡ್ಸಿದಾರೆ. ಇಳಿಜಾರಿದೆ. ಅಗಲ ಇದೆ."

"ಯುಟಿಲಿಟೀಲಿ. ವಾಷಿಂಗ್ ಮಷೀನು, ಕಸದ ಬುಟ್ಟಿ, ಆಮೇಲೆ ನಾನು."

"ಇಪ್ಪತ್ತಾರು ವರ್ಷ ನೆಲಕ್ಕೆ ಬಳಿದ ಬಣ್ಣಕ್ಕೆ ಕೈ ಮುಗಿದಿದೀನಿ. ಅದರ ಮೇಲೆ ನಿಮ್ಮ ಗಾಲಿ ಹೋಗಿದ್ದು ಎಷ್ಟು ಸಲ ಅಂತ ನಿಮಗೆ ಗೊತ್ತು. ನಿಮಗೆ ಕಾಲಿಲ್ಲ ಅಂತ ಮನೆಯವರೆಲ್ಲ ಬಾಗಿಲಿಲ್ಲದ ಮನೇಲಿ ಇದ್ವಿ. ಸಾಕು."

ಮುನಿಯಣ್ಣ ಟ್ಯೂಬಿನ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದು, "ಇಬ್ರೂ ಒಂದು ಹೇಳ್ಬುಡಿ, ಕಲಸಿದ್ದು ಗಟ್ಟಿ ಆಗೋಯ್ತದೆ," ಎಂದ.

ಅನ್ನಪೂರ್ಣ ಪುರೋಹಿತರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದಳು. ಆಚೆ ಕಡೆ ಯಾವುದೋ ಹೋಮ ನಡೆಯುತ್ತಿತ್ತು. ಹೊಸ್ತಿಲು ಅಂದ್ರೆ ಎಷ್ಟೆತ್ತರ ಇರಬೇಕು ಎಂದು ಅವಳು ಕೇಳಿದಳು. ಪುರೋಹಿತರಿಗೆ ಅವಸರವಿತ್ತು.

"ಅಳತೆ ಅಂತ ಇಷ್ಟೇ ಅಂತೇನಿಲ್ಲಮ್ಮ. ದಾಟುವವರ ಕಾಲಿಗೆ ಗೊತ್ತಾಗಬೇಕು, ಇಲ್ಲೊಂದು ಹೊಸ್ತಿಲಿದೆ ಅಂತ. ಅಷ್ಟಿದ್ರೆ ಹೊಸ್ತಿಲು."

ಕರೆ ಮುಗಿಯಿತು.

"ನನ್ನ ಕಾಲಿಗೆ ನಾಲ್ಕಡಿ ಇಟ್ರೂ ಗೊತ್ತಾಗಲ್ಲ," ಎಂದಳು ಸೀತಾಲಕ್ಷ್ಮಿ. "ಆದ್ರಿಂದ ನಿನ್ನ ಕಾಲೇ ಇರಲಿ. ನಿನ್ನ ಕಾಲಿಗೆ ಗೊತ್ತಾಗೋ ಅತೀ ಕಡಿಮೆ ಎತ್ತರ ಎಷ್ಟೋ ಅಷ್ಟು ಬಿಡೋಣ. ಒಪ್ತೀಯಾ? ನಿನ್ನ ಪುರೋಹಿತರದೇ ಮಾತು."

ಅನ್ನಪೂರ್ಣ ಅನುಮಾನದಿಂದ ನೋಡಿದಳು. ಬೇಡವೆನ್ನಲು ಕಾರಣ ಸಿಗಲಿಲ್ಲ.

ಕಪಾಟಿನ ಕೆಲಸದವರು ಬಿಟ್ಟುಹೋದ ಪ್ಲೈವುಡ್ ಪಟ್ಟಿಗಳು ಮೂಲೆಯಲ್ಲಿ ಬಿದ್ದಿದ್ದವು, ಬೇರೆ ಬೇರೆ ದಪ್ಪದವು. ಒಳಗಿನ ಹಾಲಿನಲ್ಲಿ ಒಂದು ಭಾಗಕ್ಕೆ ಆಗಲೇ ಸಿಮೆಂಟು ಸವರಿ ನಯ ಮಾಡಿದ್ದರು. ಸೀತಾಲಕ್ಷ್ಮಿ ಹೊಸ್ತಿಲ ಈಚೆಯೇ ಕುರ್ಚಿಯಲ್ಲಿ ಕೂತು, ಯಾವ ಪಟ್ಟಿ ಇಡಬೇಕೆಂದು ಮುನಿಯಣ್ಣನಿಗೆ ಬೆರಳಿನಿಂದ ತೋರಿಸುತ್ತಿದ್ದಳು. ಅನ್ನಪೂರ್ಣ ಸೆರಗಿನಿಂದ ಕಣ್ಣು ಕಟ್ಟಿಕೊಂಡು ಆ ತುದಿಯಿಂದ ಈ ತುದಿಗೆ ನಡೆಯಬೇಕು. ಪಟ್ಟಿ ಸಿಕ್ಕಿದರೆ ಹೇಳಬೇಕು.

ಮೂರು ಮಿಲಿಮೀಟರಿನ ಪಟ್ಟಿಯ ಮೇಲೆ ಕಾಲಿಟ್ಟು ಹಾದುಹೋದಳು. "ಗೊತ್ತಾಗಲಿಲ್ಲ."

ಆರು. "ಇಲ್ಲ."

ಒಂಬತ್ತು. ಹನ್ನೆರಡು. "ಇಲ್ಲ ಅಂದ್ನಲ್ಲ. ಇದಕ್ಕೇ ಹೇಳೋದು, ನಾಲ್ಕು ಬೆರಳು ಇರ್ಬೇಕು ಅಂತ."

ಸುಳ್ಳು ಹೇಳುತ್ತಿದ್ದಾಳೆಂದು ಸೀತಾಲಕ್ಷ್ಮಿಗೆ ಖಾತ್ರಿಯಾಯಿತು. ಎತ್ತರ ಏರಿಸಿಕೊಳ್ಳಲು ಇದಕ್ಕಿಂತ ಸುಲಭದ ಉಪಾಯವಿಲ್ಲ. ಪ್ರಯೋಗಾಲಯದಲ್ಲಿ ಇಂಥದ್ದಕ್ಕೆ ಒಂದು ಕ್ರಮವಿದೆ. ಪ್ರತಿ ಸಲ ಅಳೆಯುವ ವಸ್ತು ಇಡಬಾರದು, ನಡುನಡುವೆ ಏನೂ ಇಡದೆ ನೋಡಬೇಕು. ಅವಳು ಮುನಿಯಣ್ಣನಿಗೆ ಕೈ ಬೀಸಿ ಪಟ್ಟಿ ಪೂರ್ತಿ ತೆಗೆಸಿದಳು. "ಈಗ ದೊಡ್ಡದು ಇಟ್ಟಿದೆ. ನಡಿ."

ಅನ್ನಪೂರ್ಣ ಬರಿಯ ನೆಲದ ಮೇಲೆ ನಡೆದು ಬಂದು ನಡುವೆ ನಿಂತಳು. ಪಾದವನ್ನು ಸ್ವಲ್ಪ ಹಿಂದೆ ಮುಂದೆ ಆಡಿಸಿದಳು. "ಹಾಂ. ಇದು ಗೊತ್ತಾಯ್ತು."

ಮುನಿಯಣ್ಣ ಮುಖ ಆ ಕಡೆ ತಿರುಗಿಸಿ ಕೆಮ್ಮಿದ.

ಗೆದ್ದೆ ಎಂದುಕೊಂಡು ಸೀತಾಲಕ್ಷ್ಮಿ ಬಾಯಿ ತೆರೆದಳು. ಎರಡು ದಶಕದಿಂದ ಕೂಡಿಟ್ಟ ಮಾತು ನಾಲಿಗೆಯ ತುದಿಯಲ್ಲಿತ್ತು. ಆಗ ಸಿಮೆಂಟಿನ ಮೇಲಿನ ಗುರುತುಗಳು ಕಣ್ಣಿಗೆ ಬಿದ್ದವು. ಅನ್ನಪೂರ್ಣ ನಡೆದ ದಾರಿಯಲ್ಲಿ ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ ಕೆಂಪು ಕಲೆ. ಆ ತುದಿಯಲ್ಲಿ ಸಣ್ಣದು, ಈ ಕಡೆ ಬರಬರುತ್ತ ದೊಡ್ಡದು. ಕಣ್ಣುಪಟ್ಟಿ ಬಿಚ್ಚುತ್ತಿದ್ದ ಅನ್ನಪೂರ್ಣಳ ಎಡಗಾಲ ಹೆಬ್ಬೆರಳಿನ ಬುಡದ ಬದಿಯಿಂದ ಪ್ಯಾಕಿಂಗ್ ಪೆಟ್ಟಿಗೆಯ ಮೊಳೆಯೊಂದರ ತಲೆ ಹೊರಗೆ ಕಾಣುತ್ತಿತ್ತು. ಅವಳು ಆ ಕಾಲನ್ನು ಊರಿಯೇ ನಿಂತಿದ್ದಳು.

ಮುಖದಲ್ಲಿ ನೋವಿನ ಸುಳಿವೇ ಇರಲಿಲ್ಲ. ನೋವು ಅದುಮಿಟ್ಟ ಮುಖ ಹೇಗಿರುತ್ತದೆ, ನೋವೇ ಇಲ್ಲದ ಮುಖ ಹೇಗಿರುತ್ತದೆ ಎಂಬ ವ್ಯತ್ಯಾಸ ಸೀತಾಲಕ್ಷ್ಮಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು. ಕಾಲೇಜಿನ ದಿನಗಳಲ್ಲಿ ಒಮ್ಮೆ ಸ್ಕೂಟರಿನ ಕಾದ ಕೊಳವೆಗೆ ಮೀನಖಂಡ ತಗುಲಿಕೊಂಡಿದ್ದಾಗ ಅವಳು ಗೆಳತಿಯ ಹತ್ತಿರ ನಗುತ್ತ ಮಾತಾಡುತ್ತಿದ್ದಳು. ಚರ್ಮ ಸುಟ್ಟ ವಾಸನೆ ಮೂಗಿಗೆ ಬಂದ ಮೇಲೆಯೇ ತಿಳಿದದ್ದು.

"ಮುನಿಯಣ್ಣ, ಹೋಗಿ ಟೀ ಕುಡಿದು ಬಾ."

"ಅಕ್ಕ, ಕಲಸಿರೋದು..."

"ಹೋಗು."

ಅವನು ಗೇಟು ದಾಟಿದ ಮೇಲೆ ಅವಳು ಕೇಳಿದಳು. "ಎಷ್ಟು ದಿನದಿಂದ?"

"ಏನು ಎಷ್ಟು ದಿನದಿಂದ?"

"ಕಾಲು ನೋಡ್ಕೋ. ಎಡಗಾಲು."

ಅನ್ನಪೂರ್ಣ ಕೆಳಗೆ ನೋಡಿದಳು. ಮೊಳೆ ನೋಡಿದಳು, ಹಿಂದಿನ ಕಲೆಗಳನ್ನು ನೋಡಿದಳು. ಆಮೇಲೆ ಇನ್ನೂ ಹೊದಿಕೆ ತೆಗೆಯದ ಟೈಲ್ಸ್ ಪೆಟ್ಟಿಗೆಯ ಮೇಲೆ ಕೂತು ತಾನೇ ಅದನ್ನು ಎಳೆದು ತೆಗೆದಳು. ಆಗಲೂ ಹುಬ್ಬು ಗಂಟಿಕ್ಕಲಿಲ್ಲ.

"ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ತಿದೀಯ ತಾನೆ?"

ಅನ್ನಪೂರ್ಣ ಮೊಳೆಯನ್ನು ಸೆರಗಿನಿಂದ ಒರೆಸಿದಳು.

"ಬಿಟ್ಟಿದೀಯ."

"ಕಷಾಯ ಕುಡೀತಿದೀನಿ. ಅದರಲ್ಲೇ ಕಡಿಮೆ ಆಗುತ್ತೆ ಅಂದ್ರು." ಮೊಳೆಯನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು. "ಎರಡು ವರ್ಷ ಆಯ್ತು. ಮೊದಲು ಜುಮ್ಮು ಅಂತಿತ್ತು. ಆಮೇಲೆ ಹತ್ತಿ ಮೇಲೆ ನಡೆದ ಹಾಗೆ. ಈಗ ಅದೂ ಇಲ್ಲ."

"ಶ್ರೀಕರನಿಗೆ?"

"ಯಾರಿಗೂ ಹೇಳಿಲ್ಲ. ಹೇಳಿ ಏನ್ ಮಾಡ್ಲಿ? ಕಾಲು ಸತ್ತೋರು ಈ ಮನೇಲಿ ಏನಾಗ್ತಾರೆ ಅಂತ ನಿಮ್ಮನ್ನ ನೋಡ್ಕೊಂಡೇ ಇದೀನಲ್ಲ."

ಆ ಮಾತು ಬೈಗುಳವಾಗಿರಲಿಲ್ಲ. ಸೀತಾಲಕ್ಷ್ಮಿಗೆ ತಡೆದುಕೊಳ್ಳಲಾಗದೆ ಹೋದದ್ದು ಅದಕ್ಕೇ.

"ಏನಾದೆ ನಾನು? ನನ್ನ ದುಡಿಮೆ ನನ್ನದು, ನನ್ನ ಕಾರು ನನ್ನದು. ನಿನ್ನ ಗಂಡನ ಹಾಗೆ ಕೆಲಸ ಬಂದಾಗ ತುಮಕೂರಿಗೆ ಓಡಿಹೋಗಲ್ಲ. ಆ ಗಾಯ ಇವತ್ತೇ ಡಾಕ್ಟರಿಗೆ ತೋರಿಸ್ಬೇಕು. ಇನ್ನೊಂದು ಮಾತು ಕೇಳು. ಸ್ಪರ್ಶ ಇಲ್ಲದ ಕಾಲಿಗೆ ಹೊಸ್ತಿಲು ಆಗಲ್ಲ. ನಾಲ್ಕು ಬೆರಳಾದ್ರೂ ಎಡವ್ತೀಯ, ಒಂದು ಬೆರಳಾದ್ರೆ ಇನ್ನೂ ಬೇಗ ಎಡವ್ತೀಯ. ಬೆರಳು ಕಿತ್ತೋದ್ರೂ ಗೊತ್ತಾಗಲ್ಲ. ನಿನಗೂ ಸಪಾಟೇ ಒಳ್ಳೇದು."

ಅನ್ನಪೂರ್ಣ ನಕ್ಕಳು. "ಎಂಥ ಕಾಕತಾಳೀಯ ನೋಡಿ ಅತ್ತಿಗೆ. ನನಗೆ ಒಳ್ಳೇದಾಗೋದೂ ನಿಮಗೆ ಬೇಕಾದ್ದೂ ಒಂದೇ ಆಗೋಯ್ತು."

ಸೀತಾಲಕ್ಷ್ಮಿ ಹೇಳಿದ್ದು ಅಕ್ಷರಶಃ ನಿಜ. ಆದರೆ ಸಪಾಟು ನೆಲ ತನಗೆ ಬೇಕಿಲ್ಲದಿದ್ದರೂ ಇದನ್ನು ಹೇಳುತ್ತಿದ್ದೆನೇ ಎಂದು ಅವಳು ತನ್ನನ್ನೇ ಕೇಳಿಕೊಂಡಳು.

ಹೊರಗೆ ಮುನಿಯಣ್ಣನ ದನಿ ಕೇಳಿಸಿತು. ಅನ್ನಪೂರ್ಣ ಕರವಸ್ತ್ರವನ್ನು ಪಾದಕ್ಕೆ ಬಿಗಿದು ಕಟ್ಟಿ, ಸೀರೆಯ ನೆರಿಗೆ ಇಳಿಬಿಟ್ಟಳು. ಮಾತು ಅವಸರದಲ್ಲಿ ಬಂತು.

"ನಾಳೆ ಬಿಟ್ಟು ಮುಂದಿನ ಭಾನುವಾರ ಬನಶಂಕರಿಯಿಂದ ಸಮನ್ವಿತಾನ ನೋಡೋಕೆ ಬರ್ತಿದಾರೆ. ಹಿಂದಿನೋರು ನಿಮ್ಮನ್ನ ನೋಡಿ, ವಂಶದಲ್ಲಿ ಬರೋದಾ ಅಂತ ಕೇಳಿದ್ರು. ಬಿದ್ದು ಆಗಿದ್ದು ಅಂತ ಮೂರು ಸಲ ಹೇಳಿದೆ, ನಂಬಲಿಲ್ಲ. ಈಗ ಸೋದರತ್ತೆಗೂ ಕಾಲಿಲ್ಲ, ತಾಯಿಗೂ ಕಾಲಿಲ್ಲ ಅಂದ್ರೆ ಏನಾಗುತ್ತೆ? ಇವ್ರಿಗೆ ಗೊತ್ತಾದ್ರೆ ಊರಿಗೆಲ್ಲ ಗೊತ್ತಾದ ಹಾಗೆ. ಯಾರಿಗೂ ಹೇಳ್ಬೇಡಿ." ಎದ್ದು ನಿಂತಳು. "ನಿಮಗೆ ಬೇಕಾದ ಲೆವೆಲ್ ಹಾಕ್ಸ್ಕೊಳ್ಳಿ."

ಸೀತಾಲಕ್ಷ್ಮಿ ಬಹಳ ಹೊತ್ತು ಯೋಚಿಸಲಿಲ್ಲ. ಯೋಚಿಸಿದ್ದರೆ ಬೇರೇನಾದರೂ ಆಗುತ್ತಿತ್ತೇನೋ.

"ಸರಿ," ಎಂದಳು. "ಹೇಳಲ್ಲ."

ಮುನಿಯಣ್ಣ ಒಳಗೆ ಬಂದ. ಅನ್ನಪೂರ್ಣ ಗೋಡೆಯ ಕಡೆ ನೋಡುತ್ತ, "ಅತ್ತಿಗೆ ಹೇಳಿದ ಹಾಗೆ ಮಾಡಪ್ಪ," ಎಂದಳು. ಅವನು ಒಬ್ಬರಿಂದ ಒಬ್ಬರಿಗೆ ನೋಡಿ, ಸಿಮೆಂಟಿನ ಮೇಲಿನ ಕಲೆ ನೋಡಿ, ದಾರ ಕಟ್ಟಿದ.

ನೆಲ ಏರಿಸಿ ಬಾಗಿಲ ಎರಡೂ ಬದಿಗೆ ಗ್ರಾನೈಟ್ ಕೂರಿಸಲು ಅವನಿಗೆ ಮಂಗಳವಾರದವರೆಗೆ ಹಿಡಿಯಿತು. ಆ ದಿನಗಳಲ್ಲಿ ಸೀತಾಲಕ್ಷ್ಮಿ ಕೊಟ್ಟ ಮಾತು ಉಳಿಸಿಕೊಂಡಳು. ರಾತ್ರಿ ಊಟವಾದ ಮೇಲೆ ತನ್ನ ಕೋಣೆಗೆ ಅನ್ನಪೂರ್ಣಳನ್ನು ಕರೆದು, ಬಾಗಿಲು ಹಾಕಿಸಿ, ಗಾಯ ತೊಳೆದು ಬಟ್ಟೆ ಕಟ್ಟುತ್ತಿದ್ದಳು. ತನ್ನ ಪಾದಗಳನ್ನು ನೋಡಿಕೊಳ್ಳಲು ಅವಳ ಹತ್ತಿರ ಮುಲಾಮು, ಹತ್ತಿ, ಕೈಗವಸು ಎಲ್ಲವೂ ಇದ್ದವು. ಅನ್ನಪೂರ್ಣ ಹಾಸಿಗೆಯ ಅಂಚಿನಲ್ಲಿ ಕೂತು ಕಾಲನ್ನು ಅವಳ ತೊಡೆಯ ಮೇಲೆ ಇಡುತ್ತಿದ್ದಳು. ಇಟ್ಟ ಭಾರ ಇವಳಿಗೆ ತಿಳಿಯುತ್ತಿರಲಿಲ್ಲ, ಹಿಡಿದ ಕೈ ಅವಳಿಗೆ ತಿಳಿಯುತ್ತಿರಲಿಲ್ಲ.

"ನೀವು ಗೆದ್ರಲ್ಲ, ಖುಷಿಯಾಗಿರ್ಬೇಕು," ಎಂದಳು ಅನ್ನಪೂರ್ಣ ಭಾನುವಾರ.

"ಕಾಲು ಅಲ್ಲಾಡಿಸಬೇಡ."

"ನಾನು ಅಲ್ಲಾಡಿಸ್ತಿದೀನಾ ಇಲ್ವಾ ಅಂತ ನನಗೆ ಗೊತ್ತಾಗಲ್ಲವಲ್ಲ."

ಸೋಮವಾರ ರಾತ್ರಿ ಗಾಯದ ಸುತ್ತ ಕೆಂಪು ಹರಡಿತ್ತು. ಮುಟ್ಟಿದರೆ ಬಿಸಿ. ಅಂದೇ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು. ಸೀತಾಲಕ್ಷ್ಮಿಗೆ ಅದು ಚೆನ್ನಾಗಿ ಗೊತ್ತಿತ್ತು. "ನಾಳೆ ಡಾಕ್ಟರ ಹತ್ರ ಹೋಗು, ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ, ಯಾರಿಗೂ ಹೇಳಲ್ಲ," ಎಂದಳು. ಬರುವ ಭಾನುವಾರ ಗಂಡಿನ ಕಡೆಯವರು ಬಂದು ಹೋಗುವವರೆಗೆ ಹೋಗುವುದಿಲ್ಲವೆಂದು ಅನ್ನಪೂರ್ಣ ಕಾಲೆಳೆದುಕೊಂಡಳು. ಪಕ್ಕದ ಕೋಣೆಯಲ್ಲಿ ಶ್ರೀಕರ ಟಿವಿ ನೋಡುತ್ತಿದ್ದ. ಒಂದು ಕೂಗು ಸಾಕಿತ್ತು. ಗ್ರಾನೈಟಿನ ಸಿಮೆಂಟು ಆ ಹೊತ್ತಿಗೆ ಇನ್ನೂ ಹಸಿಯಿತ್ತು. ಹಸಿ ಸಿಮೆಂಟಿನಲ್ಲಿರುವ ಕಲ್ಲನ್ನು ಯಾರು ಬೇಕಾದರೂ ಎಬ್ಬಿಸಬಹುದು. ಸೀತಾಲಕ್ಷ್ಮಿ ಹತ್ತಿ ಡಬ್ಬಿಯ ಮುಚ್ಚಳ ಹಾಕಿದಳು.

ಮಂಗಳವಾರ ಕೆಲಸ ಮುಗಿಯಿತು. ಬುಧವಾರ ಮಧ್ಯಾಹ್ನ ಅವಳು ಪ್ರಯೋಗಾಲಯದಿಂದ ನೇರವಾಗಿ ಸೈಟಿಗೆ ಹೋಗಿ, ಗ್ರಾನೈಟಿನ ಮೇಲೆ ಕುರ್ಚಿಯ ಭಾರ ಹಾಕಿ ಹಿಂದೆ ಮುಂದೆ ಆಡಿಸಿ ನೋಡಿದಳು. ಕಲ್ಲು ಕದಲಲಿಲ್ಲ. ಅಲ್ಲಿಂದಲೇ ಶ್ರೀಕರನಿಗೆ ಫೋನು ಮಾಡಿ, ಅನ್ನಪೂರ್ಣಳ ಕಾಲು, ಬಿಟ್ಟ ಮಾತ್ರೆ, ಮೊಳೆ, ಕೀವು, ಎಲ್ಲವನ್ನೂ ಹೇಳಿದಳು. ಶನಿವಾರದಿಂದ ತನಗೆ ಗೊತ್ತಿತ್ತೆಂದೂ ಹೇಳಿದಳು.

"ಶನಿವಾರದಿಂದ?" ಎಂದ ಶ್ರೀಕರ.

ಆಸ್ಪತ್ರೆಯಲ್ಲಿ ಅನ್ನಪೂರ್ಣಳ ಎಡಗಾಲ ಹೆಬ್ಬೆರಳನ್ನು ತೆಗೆಯಬೇಕಾಯಿತು. ನಾಲ್ಕು ದಿನ ಮುಂಚೆ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಸೀತಾಲಕ್ಷ್ಮಿ ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರನ್ನು ಕೇಳಿದಳು. ಉಳಿಯುವ ಸಾಧ್ಯತೆ ಹೆಚ್ಚಿತ್ತು ಎಂದರು ಅವರು. ಇನ್ನೂ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದೂ ಹೇಳಿದರು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದರು. ಬನಶಂಕರಿಯವರ ಭೇಟಿ ಮುಂದಕ್ಕೆ ಹೋಯಿತು, ಆಮೇಲೆ ಅವರ ಕಡೆಯಿಂದ ಸುದ್ದಿಯಿಲ್ಲ.

ವಾರ್ಡಿನಲ್ಲಿ ಅನ್ನಪೂರ್ಣ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. ಗಾಲಿಯ ಸದ್ದು ಕೇಳಿಯೇ ಯಾರೆಂದು ತಿಳಿದಿತ್ತು.

"ಮಾತು ಕೊಟ್ಟಿದ್ರಿ," ಎಂದಳು.

"ನೆಲ ಒಣಗೋವರೆಗೂ ಅಂತ ಕೊಟ್ಟಿದ್ದೆ."

"ನನಗೆ ಹಾಗಂತ ಹೇಳಲಿಲ್ಲ."

"ಇಲ್ಲ. ಹೇಳಲಿಲ್ಲ."

"ಒಣಗಿತಾ?"

"ಒಣಗಿದೆ."

ಅನ್ನಪೂರ್ಣ ಮತ್ತೆ ಮಾತಾಡಲಿಲ್ಲ. ಆ ದಿನವೂ ಇಲ್ಲ, ಅವಳು ಆಸ್ಪತ್ರೆಯಿಂದ ಬಂದ ಮೇಲೂ ಇಲ್ಲ. ಅಡಿಗೆ ಮಾಡಿ ಸೀತಾಲಕ್ಷ್ಮಿಯ ತಟ್ಟೆಯನ್ನು ಮೇಜಿನ ಮೇಲೆ ಇಡುತ್ತಿದ್ದಳು. ಅಷ್ಟೇ. ಏಪ್ರಿಲಿನಲ್ಲಿ ಗೃಹಪ್ರವೇಶವಾಯಿತು. ಅನ್ನಪೂರ್ಣ ಮೆತ್ತನೆ ಅಟ್ಟೆಯ ವಿಶೇಷ ಚಪ್ಪಲಿ ಹಾಕಿಕೊಂಡೇ, ಗಂಡನ ತೋಳು ಹಿಡಿದು, ತುಂಬಿದ ಬಿಂದಿಗೆಯೊಂದಿಗೆ ಮುಂಬಾಗಿಲಿನಿಂದ ಒಳಗೆ ಬಂದಳು. ಹೊಸ್ತಿಲಿದ್ದ ಜಾಗದಲ್ಲಿ ಒಂದು ಕ್ಷಣ ನಿಂತು ಕೆಳಗೆ ನೋಡಿದಳು. ಕಾಲಿಗೆ ಏನೂ ಸಿಗಲಿಲ್ಲ. ಎಡವಲಿಲ್ಲ.

ಮರುದಿನ ಬೆಳಗ್ಗೆ ಮನೆಯಲ್ಲಿ ಎಲ್ಲರೂ ಮಲಗಿದ್ದರು. ಸೀತಾಲಕ್ಷ್ಮಿ ಕೆಲಸಕ್ಕೆ ಹೊರಟವಳು ಯಾರನ್ನೂ ಕೂಗದೆ ತಾನೇ ಬಾಗಿಲ ಚಿಲಕ ತೆಗೆದು, ಹೊರಗೆ ಹೋಗಿ, ತಿರುಗಿ ಒಳಗೆ ಬಂದು, ಮತ್ತೆ ಹೊರಗೆ ಹೋದಳು. ಭುಜ ನೋಯಲಿಲ್ಲ. ಚೀಲದಲ್ಲಿ ಪ್ರಯೋಗಾಲಯದ ಆಳಮಾಪಕವಿತ್ತು. ಕುರ್ಚಿಯಿಂದ ಬಗ್ಗಿ ಅದನ್ನು ಹೊಸ್ತಿಲ ಮರದ ಮೇಲೆ ಊರಿ, ಮೊನೆಯನ್ನು ಕಲ್ಲಿಗೆ ತಾಗಿಸಿ, ಬಾಗಿಲಿನ ಎರಡು ತುದಿಯಲ್ಲೂ ನಡುವೆಯೂ ಅಳೆದು, ಮೂರರ ಸರಾಸರಿ ತೆಗೆದಳು. ಮುಗಿದ ನೆಲದಿಂದ ಹೊಸ್ತಿಲಿನ ಎತ್ತರ ೦.೪ ಮಿಲಿಮೀಟರ್.